ಬ್ಯೂನಸ್ ಐರಿಸ್ ಘಟಕದ ಸಂಚಾಲಕರು

ದೋಹಾದಲ್ಲಿ ದುಡಿಯುವ ಕರಾವಳಿಯ ಗೃಹಸ್ಥನೊಬ್ಬ ವಾರ್ಷಿಕ ರಜೆ ಹಾಕುವುದಕ್ಕೆ ಸರ್ವಸಮ್ಮತವಾದ ಕಾರಣಗಳು ಐದು. ಒಂದು ಮದುವೆ, ಎರಡು ಗೃಹಪ್ರವೇಶ, ಮೂರು ಕುಟುಂಬದ ದೈವದ ನೇಮ, ನಾಲ್ಕು ಸಾವು, ಐದು ಆ ಸತ್ತವರ ವರ್ಷಾಂತಿಕ. ಈ ಐದನ್ನು ಬಿಟ್ಟು ಆರನೆಯ ಕಾರಣಕ್ಕೆ ರಜೆ ಹಾಕಿದ ಮೊದಲಿಗರು ನಮ್ಮ ಯಜ್ಞೇಶರು. ಹಾಕಿದ ಮೇಲೆ ಅದಕ್ಕೆ ಅಂಟಿಕೊಂಡು ನಿಲ್ಲುವ ಧೈರ್ಯ ಮಾತ್ರ ಅವರಲ್ಲಿ ಇರಲಿಲ್ಲ.

ಯಜ್ಞೇಶರು ಒಂದು ಎ.ಸಿ. ಕಂಪನಿಯಲ್ಲಿ ಸ್ಟೋರ್‌ಕೀಪರ್. ಇಪ್ಪತ್ತಮೂರು ವರ್ಷದ ಸರ್ವೀಸಿನಲ್ಲಿ ಒಂದು ವಾಷರ್ ಕೂಡ ಅವರ ಕಣ್ಣು ತಪ್ಪಿಸಿ ಗೇಟು ದಾಟಿದ್ದಿಲ್ಲ. ವಸ್ತುಗಳ ಮೇಲೆ ಇಷ್ಟು ಹಿಡಿತವಿದ್ದ ಮನುಷ್ಯನಿಗೆ ಮನುಷ್ಯರೆದುರು ಒಂದು ದೌರ್ಬಲ್ಯವಿತ್ತು. ಯಾರಾದರೂ ಪ್ರಶ್ನೆ ಕೇಳಿದರೆ ಅವರು ಉತ್ತರ ಕೊಡದೆ ಇರಲಾರರು. ಉತ್ತರ ಇಲ್ಲದಿದ್ದರೂ ಕೊಡುತ್ತಿದ್ದರು.

ಅವರ ಪತ್ನಿ ವಾರಿಜಾಕ್ಷಿಯವರು ಆ ಇಪ್ಪತ್ತಮೂರು ರಜೆಗಳನ್ನೂ ನೆಂಟರ ಮನೆಗಳಲ್ಲಿ ವೀಳ್ಯದೆಲೆ ಒರೆಸುತ್ತ, ಬಾಳೆಲೆ ತೊಳೆಯುತ್ತ ಕಳೆದವರು. ಕತಾರಿನಲ್ಲಿ ವಿಶ್ವಕಪ್ ನಡೆದಾಗ ನೀಲಿ ಬಿಳಿ ಪಟ್ಟೆಯ ಅಂಗಿ ತೊಟ್ಟ ಅರ್ಜೆಂಟೀನಾದವರು ಓಲ್ಡ್ ಏರ್‌ಪೋರ್ಟ್ ಬಡಾವಣೆಯ ಮೆಟ್ರೋದಲ್ಲಿ ತಿಂಗಳಿಡೀ ಹಾಡುತ್ತ ಓಡಾಡಿದ್ದರು. ಗೆದ್ದ ದಿನ ಹಾಡಿದರು, ಅದರಲ್ಲೇನೂ ವಿಶೇಷವಿಲ್ಲ. ಸೋತ ದಿನವೂ ಹಾಡಿದರು. ತರಕಾರಿ ಚೀಲ ಹಿಡಿದು ಅವರ ನಡುವೆ ಸಿಕ್ಕಿಬಿದ್ದಿದ್ದ ವಾರಿಜಾಕ್ಷಿಯವರು, ಸೋತು ಮನೆಗೆ ಹೋಗುವಾಗಲೂ ಹಾಡುವ ಈ ಜನರ ಊರು ಹೇಗಿರಬಹುದು ಎಂದು ಅವತ್ತೇ ಯೋಚಿಸಿದ್ದರು. ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬುವಾಗ ಗಂಡನಲ್ಲಿ ಅವರು ಕೇಳಿದ್ದು ಇಷ್ಟೇ: ಬ್ಯೂನಸ್ ಐರಿಸ್ ಎಂಬ ಆ ಊರಿನಲ್ಲಿ ಐದು ದಿನ. ಬೇರೆ ಯಾರೂ ಇಲ್ಲ, ಇಬ್ಬರೇ.

ಯಜ್ಞೇಶರು ಒಪ್ಪಿದರು. ಒಪ್ಪುವುದು ಅವರಿಗೆ ಸುಲಭ.

ಮೊದಲ ಕಂಟಕ ಆಫೀಸಿನಲ್ಲಿ ಎದುರಾಯಿತು. ಎಚ್.ಆರ್. ವಿಭಾಗದ ಜೇಕಬ್ ಸಾಹೇಬರು ರಜೆಯ ಅರ್ಜಿಯನ್ನು ಎರಡು ಸಲ ಓದಿ, ಕನ್ನಡಕ ತೆಗೆದು, ‘ಅವಿಡೆ ಆರುಂಡ್?’ ಎಂದು ತಮ್ಮ ಮಲಯಾಳದಲ್ಲಿ ವಿಚಾರಿಸಿದರು. ಅಲ್ಲಿ ಯಾರಿದ್ದಾರೆ ಎಂದು ಅರ್ಥ. ಯಾರೂ ಇಲ್ಲ ಎಂದಾಗ ಜೇಕಬರ ಮುಖದಲ್ಲಿ ಗಾಢವಾದ ಅನುಕಂಪ ಮೂಡಿತು. ಯಜ್ಞೇಶರನ್ನು ಕುರ್ಚಿಯಲ್ಲಿ ಕೂರಿಸಿ, ಮನೆಯಲ್ಲಿ ಎಲ್ಲ ಸರಿಯಿದೆಯೇ, ಡಾಕ್ಟರರು ಏನಾದರೂ ಹೇಳಿದರೇ ಎಂದು ಮೆಲ್ಲಗೆ ಕೇಳಿದರು. ಗೇಟಿನ ವಾಚ್‌ಮ್ಯಾನ್ ಅದನ್ನೇ ಹಿಂದಿಯಲ್ಲಿ ಕೇಳಿದ. ಕಿರಾಣಿ ಅಂಗಡಿಯವರು ಕೇಳಿದರು. ಊರಿನಿಂದ ಅಕ್ಕ ಫೋನು ಮಾಡಿ, ಯಾರೂ ಇಲ್ಲದ ಊರಿಗೆ ಹೋಗಿ ಯಾರ ಮನೆಯಲ್ಲಿ ಊಟ ಮಾಡುವುದು ಎಂದು ಕೇಳಿದರು. ಹೀಗೆ ಒಂದೇ ಪ್ರಶ್ನೆ ನಾಲ್ಕು ದಿಕ್ಕಿನಿಂದ ಹೊಡೆದು ಮೆತ್ತಗೆ ಮಾಡಿಟ್ಟಿದ್ದ ಯಜ್ಞೇಶರು ಒಂದು ಗುರುವಾರ ಸಂಜೆ ತಮ್ಮ ಕಟ್ಟಡದ ಐದನೇ ಮಹಡಿಯಲ್ಲಿ ಲಿಫ್ಟ್ ಹತ್ತಿದರು. ಒಳಗೆ ಶರಣ್ ಇದ್ದರು.

ಶರಣ್ ಎಂದರೆ ದೋಹಾದ ಕರಾವಳಿ ಕನ್ನಡಿಗರ ಸಂಘವಾದ ಕಡಲತಡಿ ಬಳಗದ ಅಧ್ಯಕ್ಷರು. ಹದಿನೆಂಟು ವರ್ಷಗಳಿಂದ ಅವರೇ ಅಧ್ಯಕ್ಷರು. ವೇದಿಕೆಯಿಂದ ಕೆಳಗಿಳಿದರೆ ತಮಗೆ ತಲೆಸುತ್ತು ಬರುತ್ತದೆ ಎಂದು ಅವರೇ ಒಮ್ಮೆ ಹೇಳಿಕೊಂಡಿದ್ದರು.

“ಬ್ಯೂನಸ್ ಐರಿಸಾ? ಅಲ್ಲಿ ಯಾರುಂಟು ಮಾರಾಯ್ರೆ ನಿಮಗೆ?”

ಲಿಫ್ಟಿನ ಗೋಡೆಯಲ್ಲಿ ಫ್ರಿಜ್ ರಿಪೇರಿಯವನೊಬ್ಬ ಅಂಟಿಸಿದ ಚೀಟಿಯಿತ್ತು. ಯಜ್ಞೇಶರ ಕಣ್ಣು ಅದರಲ್ಲಿದ್ದ ಹೆಸರಿನ ಮೇಲೆ ಬಿತ್ತು.

“ನಮ್ಮವರೇ ಒಬ್ಬರಿದ್ದಾರೆ,” ಎಂದರು. “ಸುಶಾಂತ್ ಅಂತ.”

ಅಲ್ಲಿಗೆ ಪ್ರಶ್ನೆ ಮುಗಿಯಿತೆಂದು ಅವರು ಉಸಿರು ಬಿಟ್ಟರು. ಆದರೆ ಅಧ್ಯಕ್ಷರ ಕಣ್ಣಿನಲ್ಲಿ ಬೇರೆಯೇ ಬೆಳಕು ಹೊತ್ತಿಕೊಂಡಿತ್ತು. ಮಸ್ಕತಿನ ಬಳಗದವರಿಗೆ ಎಂಟು ದೇಶಗಳಲ್ಲಿ ಘಟಕಗಳಿದ್ದವು. ಕಡಲತಡಿ ಬಳಗಕ್ಕೆ ಇದ್ದದ್ದು ಬಹ್ರೇನಿನಲ್ಲಿ ಒಂದು, ಅದೂ ಎರಡು ಬಣವಾಗಿ ಒಡೆದಿತ್ತು. ಈ ಅವಮಾನವನ್ನು ಶರಣ್ ಎಷ್ಟೋ ವರ್ಷಗಳಿಂದ ನುಂಗಿಕೊಂಡಿದ್ದರು. ಐದನೇ ಮಹಡಿಯಲ್ಲಿ ಹುಟ್ಟಿದ ಸುಶಾಂತ್, ಲಿಫ್ಟ್ ನೆಲ ಮುಟ್ಟುವಷ್ಟರಲ್ಲಿ ಕಡಲತಡಿ ಬಳಗದ ದಕ್ಷಿಣ ಅಮೆರಿಕಾ ಘಟಕದ ಸಂಚಾಲಕರಾಗಿದ್ದರು.

ಮನೆಗೆ ಬಂದು ಯಜ್ಞೇಶರು ಹೆಂಡತಿಗೆ ಎಲ್ಲ ಒಪ್ಪಿಸಿದರು. ವಾರಿಜಾಕ್ಷಿಯವರು ಬೀನ್ಸ್ ಹೆಚ್ಚುತ್ತಿದ್ದರು. ಪೂರ್ತಿ ಹೆಚ್ಚಿ ಮುಗಿಸಿ, ಚಾಕು ತೊಳೆದಿಟ್ಟು, ಕೇಳಿದರು:

“ಅವರಿಗೆ ಮದುವೆ ಆಗಿದೆಯಾ?”

“ಆಗಿರಬಹುದು,” ಎಂದರು ಯಜ್ಞೇಶರು.

ವಾರಿಜಾಕ್ಷಿಯವರು ಮತ್ತೆ ಏನೂ ಕೇಳಲಿಲ್ಲ. ಕೇಳಿದಷ್ಟೂ ಆ ಮನುಷ್ಯ ಬೆಳೆಯುತ್ತಾನೆ ಎಂದು ಅವರಿಗೆ ಮನವರಿಕೆಯಾಯಿತು.

ಉಳಿದವರಿಗೆ ಆ ವಿವೇಕವಿರಲಿಲ್ಲ. ಒಂದು ವಾರದಲ್ಲಿ ಸುಶಾಂತರಿಗೆ ಸುರತ್ಕಲ್ ಕಡೆಯ ಮನೆ ಬಂತು, ಚರ್ಮದ ವ್ಯಾಪಾರ ಬಂತು, ಸೋಮವಾರ ಮೀನು ತಿನ್ನದ ವ್ರತ ಬಂತು. ದೋಹಾ ಅಲ್ ಜದೀದಾ ಎಂಬ ಬಡಾವಣೆಯಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಫವಾಝ್, ತಾನೂ ಸುಶಾಂತನೂ ಕಾಲೇಜಿನಲ್ಲಿ ಒಂದೇ ಬೆಂಚಿನವರು, ಆಗಲೇ ಅವನಿಗೆ ದೂರದೇಶದ ಹುಚ್ಚಿತ್ತು ಎಂದು ಬಳಗದ ಗ್ರೂಪಿನಲ್ಲಿ ಬರೆದ. ಅದನ್ನು ಯಜ್ಞೇಶರು ಮತ್ತೆ ಮತ್ತೆ ಓದಿದರು. ಒಂದು ಕ್ಷಣ, ಇರಬಹುದೇನೋ ಎಂದೇ ಅನಿಸಿತು.

ಗಲ್ಫಿನವರಲ್ಲಿ ಒಂದು ಪದ್ಧತಿಯುಂಟು. ಯಾರೇ ವಿಮಾನ ಹತ್ತಲಿ, ಅವರ ಪೆಟ್ಟಿಗೆಯಲ್ಲಿ ಉಳಿದವರಿಗೆಲ್ಲ ಪಾಲಿದೆ. ಮೂರನೇ ಮಹಡಿಯ ಪಕೀರಬ್ಬನವರು ಹಗ್ಗ ಮತ್ತು ಮಾರ್ಕರ್ ಪೆನ್ನು ಹಿಡಿದು ಬಂದು ರಟ್ಟಿನ ಪೆಟ್ಟಿಗೆಯನ್ನು ನಾಲ್ಕೂ ಕಡೆ ಬಿಗಿದರು. ಮೂವತ್ತು ವರ್ಷಗಳಿಂದ ಆ ಕಟ್ಟಡದ ಪೆಟ್ಟಿಗೆಗಳನ್ನೆಲ್ಲ ಕಟ್ಟಿದ ಕೈ ಅದು. ಅವರ ಪತ್ನಿ ಆಯಿಷಮ್ಮ ಐದು ಕಿಲೋ ಕುಚ್ಚಲಕ್ಕಿ, ಒಂದು ಬಾಟಲಿ ಮಾವಿನಮಿಡಿ ಉಪ್ಪಿನಕಾಯಿ ತಂದಿಟ್ಟರು. ಪಾಪ, ಆ ಮನುಷ್ಯ ಕುಚ್ಚಲಕ್ಕಿ ಗಂಜಿ ಕುಡಿದು ಎಷ್ಟು ವರ್ಷವಾಯಿತೋ ಎಂದು ಅವರು ಕಣ್ಣು ಒರೆಸಿಕೊಂಡರು. ಕೊನೆಗೆ ಅಧ್ಯಕ್ಷರೇ ಬಂದರು. ಅವರ ಕೈಯಲ್ಲಿ ಜರಿ ಶಾಲು, ಮೈಸೂರು ಪೇಟ, ಚೌಕಟ್ಟು ಹಾಕಿದ ಸನ್ಮಾನ ಪತ್ರ ಮತ್ತು ಗಾಜಿನ ಪೆಟ್ಟಿಗೆಯೊಳಗೆ ಬಂಗಾರ ಬಣ್ಣದ ಹಾಯಿದೋಣಿಯ ಸ್ಮರಣಿಕೆ ಇದ್ದವು. ಸ್ಮರಣಿಕೆಯ ಕೆಳಗೆ ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ ದೋಹಾ, ಕತಾರ್ ಎಂದು ಕೊರೆಸಿದ್ದರು. ಸುಶಾಂತರಿಗೆ ಶಾಲು ಹೊದಿಸಿದ ಫೋಟೋ ಬಂದ ಕೂಡಲೇ ಬಳಗದ ಮುಂದಿನ ಸಭೆಯ ಬ್ಯಾನರು ಪ್ರಿಂಟಿಗೆ ಹೋಗುತ್ತದೆ, ತಡ ಮಾಡಬಾರದು ಎಂದು ಆಜ್ಞೆಯಾಯಿತು.

ಹಿಂದಿನ ಕಾಲದ ದೂತರೂ ಕಡಲು ದಾಟಿ ಗುರುತಿನ ವಸ್ತುಗಳನ್ನು ಒಯ್ದಿದ್ದಾರೆ. ಆದರೆ ಅವರಿಗೆ ಒಂದು ಅನುಕೂಲವಿತ್ತು. ಹುಡುಕಬೇಕಾದವರು ಎಲ್ಲೋ ಒಂದು ಕಡೆ ಇದ್ದರು.

ಹದಿನೈದು ತಾಸು ಹಾರಿ, ಬ್ರೆಜಿಲಿನಲ್ಲಿ ಒಮ್ಮೆ ಇಳಿದು, ಮತ್ತೆ ಹಾರಿ ಬ್ಯೂನಸ್ ಐರಿಸಿನಲ್ಲಿ ಇಳಿದರೆ, ಅಲ್ಲಿನ ತಪಾಸಣೆಯ ಹೆಂಗಸು ಪಕೀರಬ್ಬನವರ ಗಂಟುಗಳನ್ನು ಬಿಚ್ಚಲು ಇಪ್ಪತ್ತು ನಿಮಿಷ ತೆಗೆದುಕೊಂಡಳು. ಧಾನ್ಯ ಒಳಗೆ ತರುವಂತಿಲ್ಲವಂತೆ. ಅಕ್ಕಿ, ಉಪ್ಪಿನಕಾಯಿ ಅಲ್ಲೇ ಉಳಿದವು. ಪೇಟ ಏನು ಎಂದು ಆಕೆ ಸನ್ನೆಯಲ್ಲಿ ಕೇಳಿದಳು. ಪ್ರಶ್ನೆ ಕೇಳಿದ ಮೇಲೆ ಯಜ್ಞೇಶರು ಬಿಡುವವರಲ್ಲ. ತಲೆಗೆ ಇಟ್ಟು, ಎದೆಯುಬ್ಬಿಸಿ, ನಾಲ್ಕು ಹೆಜ್ಜೆ ನಡೆದು ತೋರಿಸಿದರು. ಆಕೆ ಪಾಸ್‌ಪೋರ್ಟಿನ ಫೋಟೋವನ್ನು ಮತ್ತೊಮ್ಮೆ ಪರೀಕ್ಷಿಸಿ ಒಳಗೆ ಬಿಟ್ಟಳು.

ಮುಂದಿನ ಎರಡು ದಿನ ವಾರಿಜಾಕ್ಷಿಯವರು ಊರು ನೋಡಿದರು, ಯಜ್ಞೇಶರು ಫೋಟೋಕ್ಕೆ ಸುಶಾಂತನಾಗಬಲ್ಲ ಮುಖಗಳನ್ನು ನೋಡಿದರು. ಗುಲಾಬಿ ಬಣ್ಣದ ಸರಕಾರಿ ಅರಮನೆಯ ಎದುರು ಅವರು ಅರಮನೆಗೆ ಬೆನ್ನು ಹಾಕಿ ನಿಂತು, ಬರುವ ಹೋಗುವವರಲ್ಲಿ ನಮ್ಮ ಕಡೆಯ ಮೂಗು ಇದೆಯೇ ಎಂದು ಹುಡುಕಿದರು. ಬೋಕಾದ ಬಣ್ಣಬಣ್ಣದ ತಗಡಿನ ಮನೆಗಳ ನಡುವೆ ಒಬ್ಬ ಕಂದುಬಣ್ಣದ ಮನುಷ್ಯನನ್ನು ಕಂಡು ಓಡಿಹೋಗಿ ಊರು ಯಾವುದೆಂದು ಕೇಳಿದರೆ ಅವನು ಪೆರು ದೇಶದವನು, ಕಾಲುಚೀಲ ಮಾರುವವನು. ಮೂರು ಜೊತೆ ಕೊಳ್ಳಬೇಕಾಯಿತು. ಶ್ರೀಮಂತರ ಸಮಾಧಿಗಳಿರುವ ಪ್ರಸಿದ್ಧ ಸ್ಮಶಾನದ ಬಾಗಿಲಲ್ಲಿ ಸೂರತಿನ ಪ್ರವಾಸಿಯೊಬ್ಬರು ಸಿಕ್ಕಿದರು. ಅವರಿಗೆ ಯಜ್ಞೇಶರು ಶಾಲು ಹೊದಿಸುತ್ತಿದ್ದಂತೆ ಅವರ ಬಸ್ಸು ಹಾರ್ನ್ ಮಾಡಿತು. ಶಾಲಿನ ಸಮೇತ ಓಡಿದ ಆ ಮಹನೀಯರನ್ನು ಅಟ್ಟಿಸಿಕೊಂಡು ಹೋಗಿ ಶಾಲು ಬಿಡಿಸಿ ತಂದದ್ದಾಯಿತು. ಈ ಎಲ್ಲ ಕಡೆಯೂ ವಾರಿಜಾಕ್ಷಿಯವರು ಗಾಜಿನ ಪೆಟ್ಟಿಗೆಯನ್ನು ಎದೆಗವಚಿಕೊಂಡು ಹಿಂದೆ ಹಿಂದೆ ನಡೆದರು. ಮೆಟ್ರೋದಲ್ಲಿ ಕಿವಿಗೊಟ್ಟು ಕೂತರು. ಯಾರೂ ಹಾಡುತ್ತಿರಲಿಲ್ಲ. ಎಲ್ಲರೂ ದೋಹಾದವರಂತೆ ಫೋನು ಒತ್ತುತ್ತಿದ್ದರು. ಅವರ ನಡುವೆ ಯಜ್ಞೇಶರ ಫೋನು ಮಾತ್ರ ಆರು ಗಂಟೆ ಮುಂದಿನ ದೇಶದಿಂದ ಕೂಗುತ್ತಿತ್ತು: ಫೋಟೋ ಎಲ್ಲಿ, ಬ್ಯಾನರು ಕಾಯುತ್ತಿದೆ.

ಮೂರನೆಯ ದಿನ ಭಾನುವಾರ. ಸಾನ್ ತೆಲ್ಮೋ ಎಂಬ ಹಳೆಯ ಪೇಟೆಯಲ್ಲಿ ಸಂತೆ. ಕಲ್ಲುಹಾಸಿನ ಬೀದಿಯಲ್ಲಿ ಒಂದು ಜೋಡಿ ಟ್ಯಾಂಗೋ ಕುಣಿಯುತ್ತಿತ್ತು. ಯಜ್ಞೇಶರು ಕುಣಿಯುವವನ ಮುಖವನ್ನು ಆಚೆ ಈಚೆ ಬಗ್ಗಿ ನೋಡಿ, ಆಗಲಿಕ್ಕಿಲ್ಲ ಎಂದು ಮುಂದೆ ನಡೆದರು. ಹಿಂದೆ ಹೆಜ್ಜೆಯ ಸದ್ದು ಕೇಳಲಿಲ್ಲ. ತಿರುಗಿದರೆ ವಾರಿಜಾಕ್ಷಿಯವರು ಬೀದಿ ಬದಿಯ ಒಂದು ಹೋಟೆಲಿನ ಕುರ್ಚಿಯಲ್ಲಿ ಕೂತಿದ್ದರು. ಸ್ಮರಣಿಕೆ ಮೇಜಿನ ಮೇಲಿತ್ತು.

“ಏಳು ವಾರಿಜಾ. ಆ ಕಡೆ ಒಂದು ಇಂಡಿಯನ್ ಅಂಗಡಿ ಉಂಟಂತೆ.”

“ನೀವು ಹೋಗಿ ಬನ್ನಿ,” ಎಂದರು ವಾರಿಜಾಕ್ಷಿಯವರು. ದನಿ ಏರಿರಲಿಲ್ಲ. “ಇಪ್ಪತ್ತಮೂರು ರಜೆ ನಿಮ್ಮವರಿಗೂ ನನ್ನವರಿಗೂ ಕೊಟ್ಟಾಯ್ತು. ಅವರು ಇರುವ ಜನ, ಕೊಟ್ಟದ್ದಕ್ಕೆ ಬೇಜಾರಿಲ್ಲ. ಇದೊಂದು ರಜೆಯನ್ನು ಇಲ್ಲದ ಮನುಷ್ಯನಿಗೆ ಕೊಡುದಾ?”

ಯಜ್ಞೇಶರ ಜೀವನದಲ್ಲಿ ಉತ್ತರ ಹೊಳೆಯದ ಮೊದಲ ಪ್ರಶ್ನೆ ಅದು. ಅವರು ಎದುರಿನ ಕುರ್ಚಿ ಎಳೆದು ಕೂತರು.

ಆಗ ಹೋಟೆಲಿನ ಮಾಣಿ ಬಂದ. ಎಪ್ಪತ್ತು ದಾಟಿದ, ಬಿಳಿ ಮೀಸೆಯ, ಎತ್ತರದ ಮನುಷ್ಯ. ಮೇಜು ಒರೆಸಲು ಗಾಜಿನ ಪೆಟ್ಟಿಗೆ ಎತ್ತಿದವನು ಅದರ ಕೆಳಗಿನ ಅಕ್ಷರ ಓದಿ ಹಾಗೆಯೇ ನಿಂತುಬಿಟ್ಟ. ಕತಾರ್ ಎಂದು ಒಮ್ಮೆ ತನಗೆ ಹೇಳಿಕೊಂಡ. ದಂಪತಿಯ ಕಡೆ ಬೊಟ್ಟು ಮಾಡಿ, ನೀವು ಅಲ್ಲಿಯವರೇ ಎಂಬಂತೆ ನೋಡಿದ. ವಾರಿಜಾಕ್ಷಿಯವರು ಹೌದೆಂದು ತಲೆಯಾಡಿಸಿದರು. ತನ್ನ ದೇಶ ವಿಶ್ವಕಪ್ ಗೆದ್ದ ನೆಲದಿಂದ, ಬಂಗಾರದ ಬಣ್ಣದ ವಸ್ತುವೊಂದನ್ನು ಹೊತ್ತು, ಇಬ್ಬರು ತನ್ನ ಹೋಟೆಲಿಗೇ ಬಂದಿದ್ದಾರೆ ಎಂದು ಅವನಿಗೆ ಅನಿಸಿತೋ ಏನೋ. ಒಳಗಿನಿಂದ ಅಡುಗೆಯವನನ್ನು ಕರೆದ. ಅಡುಗೆಯವನು ಪಕ್ಕದ ಅಂಗಡಿಯವರನ್ನು ಕರೆದ. ಯಾರೋ ಯಜ್ಞೇಶರ ಎರಡೂ ಕೆನ್ನೆಗೆ ಮುತ್ತಿಟ್ಟರು. ಬಿಳಿ ಮೀಸೆಯವನು ಫೈನಲಿನ ದಿನ ಟಿ.ವಿ.ಯ ಎದುರು ತಾನು ಮೊಣಕಾಲೂರಿ ಅತ್ತದ್ದನ್ನು ನೆಲಕ್ಕೆ ಮೊಣಕಾಲೂರಿಯೇ ತೋರಿಸಿದ. ಮೇಜುಗಳ ಮೇಲೆ ತಾಳ ಬಿತ್ತು. ಹಾಡು ಶುರುವಾಯಿತು.

ವಾರಿಜಾಕ್ಷಿಯವರಿಗೆ ಆ ಧಾಟಿ ಗೊತ್ತಿತ್ತು. ತರಕಾರಿ ಚೀಲ ಹಿಡಿದು ನಿಂತು ಕೇಳಿದ್ದೇ ಅದು. ಪದಗಳು ಆಗಲೂ ತಿಳಿದಿರಲಿಲ್ಲ, ಈಗಲೂ ತಿಳಿಯಲಿಲ್ಲ. ತಿಳಿಯದ ಮಾತಿಗೆ ಕಣ್ಣು ತುಂಬುವುದು ದೇವರ ಎದುರಿನ ಮಂತ್ರಕ್ಕೆ ಮಾತ್ರ ಎಂದುಕೊಂಡಿದ್ದ ಅವರು ಸೆರಗಿನಲ್ಲಿ ಮುಖ ಒರೆಸಿಕೊಂಡು ಎದ್ದರು. ಚೀಲದಿಂದ ಶಾಲು ತೆಗೆದು ಬಿಳಿ ಮೀಸೆಯವನ ಹೆಗಲಿಗೆ ಹೊದಿಸಿದರು. ಪೇಟ ಇಟ್ಟರು. ಗಂಡನ ಕಡೆ ತಿರುಗಿ, ಓದಿ ಎಂದರು.

ಯಜ್ಞೇಶರು ಸನ್ಮಾನ ಪತ್ರವನ್ನು ಕೈಗೆತ್ತಿಕೊಂಡು, ಸಪ್ತಸಾಗರದಾಚೆ ಕನ್ನಡದ ದೀಪ ಬೆಳಗಿದ ಧೀಮಂತರೇ ಎಂದು ಶುರುಮಾಡಿ, ಚೌಕಟ್ಟಿನ ತುಂಬ ಇದ್ದ ಕನ್ನಡವನ್ನೆಲ್ಲ ಗಂಟಲು ಬಿಟ್ಟು ಓದಿದರು. ದೋಹಾದ ಸಭೆಗಳಲ್ಲಿ ಸನ್ಮಾನ ಪತ್ರ ಓದುವಾಗ ಜನ ಊಟದ ಸಾಲು ಹಿಡಿಯುತ್ತಾರೆ. ಇಲ್ಲಿ ಪ್ರತಿಯೊಂದು ವಾಕ್ಯಕ್ಕೂ ಚಪ್ಪಾಳೆ ಬಿತ್ತು. ಆ ಮಹನೀಯನ ಹೆಸರು ಎಕ್ತೋರ್ ಎಂದು ಕೊನೆಯಲ್ಲಿ ತಿಳಿಯಿತು. ಫೋಟೋ ಹೋಯಿತು. ಫೋನು ಬಾಯಿ ಮುಚ್ಚಿತು.

ಉಳಿದ ಎರಡು ದಿನ ಅವರು ಏನು ಮಾಡಿದರೆಂದು ಗ್ರೂಪಿನಲ್ಲಿ ಯಾವ ಫೋಟೋವೂ ಬರಲಿಲ್ಲ. ಹಿಂದಿರುಗುವ ವಿಮಾನದಲ್ಲಿ ವಾರಿಜಾಕ್ಷಿಯವರು ಒಂದು ಮಾತು ತೆಗೆದುಕೊಂಡರು: ಬಳಗದ ಸಭೆಯಲ್ಲಿ ನೀವೇ ನಿಜ ಹೇಳಬೇಕು. ಯಜ್ಞೇಶರು ಹೆಂಡತಿಯ ಕೈ ಹಿಡಿದು ಆಣೆ ಮಾಡಿದರು.

ಸಭೆ ಓಲ್ಡ್ ಏರ್‌ಪೋರ್ಟಿನ ಒಂದು ರೆಸ್ಟೋರೆಂಟಿನ ಮೇಲ್ಮಹಡಿಯ ಹಾಲಿನಲ್ಲಿ. ಬಾಗಿಲಲ್ಲೇ ಆಯಿಷಮ್ಮ ತಡೆದು ಅಕ್ಕಿ ಏನಾಯಿತೆಂದು ಕೇಳಿದರು. ಅಲ್ಲಿನ ಸರಕಾರವೇ ಇಟ್ಟುಕೊಂಡಿತು ಎಂದು ಯಜ್ಞೇಶರು ಸತ್ಯವನ್ನೇ ಹೇಳಿದರು. ಆಯಿಷಮ್ಮನಿಗೆ ಆದ ಹೆಮ್ಮೆ ಅಷ್ಟಿಷ್ಟಲ್ಲ. ವೇದಿಕೆಯ ಹಿಂದೆ ಹತ್ತು ಅಡಿ ಎತ್ತರಕ್ಕೆ ಪೇಟ ತೊಟ್ಟ ಎಕ್ತೋರ್ ನಗುತ್ತಿದ್ದ. ಸುಶಾಂತರ ಬಣ್ಣ ಸ್ವಲ್ಪ ತಿಳಿಯಾಯಿತಲ್ಲ ಎಂದು ಒಬ್ಬರಿಗೆ ಸಂಶಯ ಬಂತು. ಒಂದೇ ಬೆಂಚಿನವನಾದ ಫವಾಝ್‌ಗೆ ಇನ್ನೂ ನಲವತ್ತೆರಡು. ಆ ದೇಶದ ಹವೆಗೆ ಕೂದಲು ಬೇಗ ಬೆಳ್ಳಗಾಗುತ್ತದೆ ಎಂದು ಅವನೇ ಎಲ್ಲರಿಗೂ ಸಮಾಧಾನ ಹೇಳಿದ. ಮೂಗು ಮಾತ್ರ ಸುರತ್ಕಲ್ ಕಡೆಯದೇ ಎಂದು ಹಿರಿಯರು ತೀರ್ಮಾನಿಸಿದರು.

ಯಜ್ಞೇಶರನ್ನು ಮೈಕಿನ ಬಳಿ ಕರೆದರು. ಅವರು ಗಂಟಲು ಸರಿಮಾಡಿಕೊಂಡು, ಒಂದು ವಿಷಯ ಹೇಳಬೇಕಿದೆ ಎಂದದ್ದೇ ತಡ, ಶರಣ್ ಮೈಕನ್ನು ತಮ್ಮ ಕಡೆ ಎಳೆದುಕೊಂಡು, ಅದಕ್ಕಿಂತ ಮೊದಲು ತಮ್ಮದೊಂದು ಘೋಷಣೆಯಿದೆ ಎಂದರು. ಬರುವ ವರ್ಷ ಬಳಗದ ಹನ್ನೆರಡು ಜನರ ನಿಯೋಗ ಬ್ಯೂನಸ್ ಐರಿಸಿಗೆ ಹೋಗಲಿದೆ. ವಾಸ್ತವ್ಯ ಸುಶಾಂತರ ಮನೆಯಲ್ಲಿ. ನಿಯೋಗದ ನೇತೃತ್ವ ಯಜ್ಞೇಶ ದಂಪತಿಯದು, ಅವರ ಮುಂದಿನ ರಜೆಯಲ್ಲಿ. ಸಭಾಂಗಣ ಚಪ್ಪಾಳೆಯಿಂದ ತುಂಬಿತು. ಅಧ್ಯಕ್ಷರು ಅಕ್ಕರೆಯಿಂದ ತಿರುಗಿದರು.

“ಯಜ್ಞೇಶಣ್ಣ, ಹನ್ನೆರಡು ಜನಕ್ಕೆ ಅವರ ಮನೆಯಲ್ಲಿ ಜಾಗ ಆಗ್ಬಹುದಾ?”

ಯಜ್ಞೇಶರು ಮುಂದಿನ ಸಾಲಿನಲ್ಲಿದ್ದ ಹೆಂಡತಿಯನ್ನು ನೋಡಿದರು. ಬಾಯಿ ತೆರೆದರು.

“ಮೇಲೆ ಎರಡು ರೂಮು ಖಾಲಿ ಉಂಟು,” ಎಂದರು.

ವಾರಿಜಾಕ್ಷಿಯವರು ಎದ್ದು ವೇದಿಕೆ ಹತ್ತಿದರು. ಬಳಗದ ಇತಿಹಾಸದಲ್ಲಿ ಅವರು ವೇದಿಕೆ ಹತ್ತಿದ್ದು ದೀಪಕ್ಕೆ ಎಣ್ಣೆ ಹಾಕಲು ಮಾತ್ರ. ಗಂಡನ ಮುಂದಿನಿಂದ ಮೈಕು ತೆಗೆದುಕೊಂಡರು.

“ಸುಶಾಂತ್ ಅಂತ ಯಾರೂ ಇಲ್ಲ,” ಎಂದರು. “ಇವರು ಹೋಟೆಲಿನವರು, ಎಕ್ತೋರ್ ಅಂತ. ತುಂಬಾ ಒಳ್ಳೆಯವರು. ನಾವು ಅಲ್ಲಿಗೆ ಯಾರನ್ನೂ ನೋಡ್ಲಿಕ್ಕೆ ಹೋದದ್ದಲ್ಲ. ಸುಮ್ಮನೆ ಹೋದದ್ದು, ನಾವಿಬ್ಬರೇ. ಮುಂದಿನ ರಜೆಗೂ ಹಾಗೇ ಹೋಗ್ಲಿಕ್ಕುಂಟು.”

ಸುಶಾಂತ್ ಇಲ್ಲ ಎಂಬ ಸುದ್ದಿಯನ್ನು ಸಭೆ ತಡೆದುಕೊಂಡಿತು. ಸುಮ್ಮನೆ ಹೋದೆವು ಎಂಬುದನ್ನು ತಡೆದುಕೊಳ್ಳುವುದು ಕಷ್ಟವಾಯಿತು. ಬಡಿಸಲು ಬಂದವರು ಸೌಟು ಹಿಡಿದು ನಿಂತರು. ಫವಾಝ್ ತುರ್ತಾಗಿ ತನ್ನ ಫೋನನ್ನು ಬಿಚ್ಚಿ ಸಿಮ್ಮು ಪರೀಕ್ಷಿಸತೊಡಗಿದ. ಎಲ್ಲರೂ ಅಧ್ಯಕ್ಷರನ್ನು ನೋಡಿದರು. ಹದಿನೆಂಟು ವರ್ಷದ ಅನುಭವ ಸುಮ್ಮನೆ ಬಂದದ್ದಲ್ಲ. ಶರಣ್ ಎದ್ದು ನಿಂತು, ಗಂಭೀರವಾಗಿ, ಬಳಗದ ಎರಡೂ ಘಟಕಗಳಲ್ಲಿ ಒಡಕಿಲ್ಲದ, ಜಗಳವಿಲ್ಲದ, ಲೆಟರ್‌ಹೆಡ್ಡಿಗೆ ಹೊಡೆದಾಟವಿಲ್ಲದ ಘಟಕ ಬ್ಯೂನಸ್ ಐರಿಸಿನದೊಂದೇ, ಆದ್ದರಿಂದ ಇದನ್ನು ಈಗಿರುವಂತೆಯೇ ಮುಂದುವರಿಸತಕ್ಕದ್ದು ಎಂದು ಠರಾವು ಮಂಡಿಸಿದರು. ಠರಾವು ಪಾಸಾಯಿತು.

ಹಿಂದಿನ ಸಾಲಿನಿಂದ ಪಕೀರಬ್ಬನವರು ಕೈ ಎತ್ತಿ, ಕೊನೆಯ ಎರಡು ದಿನ ಎಂತ ಮಾಡಿದಿರಿ ಎಂದು ಕೇಳಿದರು. ವಾರಿಜಾಕ್ಷಿಯವರು ಹೇಳಿದರು. ಎಂಥದೂ ಮಾಡಲಿಲ್ಲ. ಒಂದು ಪಾರ್ಕಿನಲ್ಲಿ ಮಧ್ಯಾಹ್ನವಿಡೀ ಕೂತೆವು. ಬೀದಿಯಲ್ಲಿ ನಡೆಯುತ್ತ ಐಸ್‌ಕ್ರೀಮ್ ತಿಂದೆವು, ಮೈಮೇಲೆ ಚೆಲ್ಲಿಕೊಂಡೆವು, ನೋಡಿ ಬೈಯುವವರು ಇರಲಿಲ್ಲ. ಇವರಿಗೆ ಟ್ಯಾಂಗೋದವಳು ನಾಲ್ಕು ಹೆಜ್ಜೆ ಕಲಿಸಿದಳು, ಮೂರು ಬರುತ್ತದೆ. ಯಜ್ಞೇಶರು ನೆಲ ನೋಡಿದರು. ಹೆಂಗಸರ ಸಾಲಿನಲ್ಲಿ ಯಾರೂ ನಗಲಿಲ್ಲ. ಎಲ್ಲರೂ ಕುರ್ಚಿಯನ್ನು ಸ್ವಲ್ಪ ಸ್ವಲ್ಪ ಮುಂದಕ್ಕೆ ಎಳೆದುಕೊಂಡರು.

ಊಟದ ಹೊತ್ತಿಗೆ ಅಧ್ಯಕ್ಷರ ಪತ್ನಿ ರೋಶ್ನಿ ತಟ್ಟೆ ಹಿಡಿದು ಬಂದರು. ಮುಂದಿನ ಸಲ ಹೋಗುವಾಗ ಹೇಳಿ ವಾರಿಜಕ್ಕ, ನಾವೂ ನಿಮ್ಮ ಜೊತೆ ಬರುತ್ತೇವೆ ಎಂದರು. ಹಿಂದಿನಿಂದ ಐದಾರು ತಲೆಗಳು ನಾವೂ ಎಂದು ಅಲ್ಲಾಡಿದವು. ಯಜ್ಞೇಶರು ಒಪ್ಪಿಗೆ ಕೊಡಲು ಆಗಲೇ ಬಾಯಿ ತೆರೆದಿದ್ದರು. ವಾರಿಜಾಕ್ಷಿಯವರು ಅದಕ್ಕೊಂದು ಹೋಳಿಗೆಯ ತುಂಡು ಇಟ್ಟರು.

“ಬೇಡ ರೋಶ್ನಿ,” ಎಂದರು. “ನೀವಿಬ್ಬರೇ ಹೋಗಿ. ಬೇರೆ ಊರಿಗೆ.”

ಶರಣ್ ಪಾಯಸದ ಲೋಟ ಹಿಡಿದುಕೊಂಡು ಇದನ್ನು ಕೇಳಿಸಿಕೊಂಡರು. ಮೈಕಿಲ್ಲದ ದನಿಯಲ್ಲಿ, ಸ್ವಲ್ಪ ಹೆದರಿಕೊಂಡೇ ಕೇಳಿದರು:

“ನಾವಿಬ್ಬರೇ ಹೋಗಿ ಎಂತ ಮಾತಾಡುದು?”

“ಅದನ್ನೇ ನೋಡಿಕೊಂಡು ಬರುವ,” ಎಂದರು ರೋಶ್ನಿ.

ಅಧ್ಯಕ್ಷರು ವೇದಿಕೆಯ ಕಡೆ ಒಮ್ಮೆ ನೋಡಿದರು. ಆಮೇಲೆ ಹೆಂಡತಿಯ ಪಕ್ಕದ ಪ್ಲಾಸ್ಟಿಕ್ ಕುರ್ಚಿಯನ್ನು ಎಳೆದು ಕೂತು, ಲೋಟವನ್ನು ಕೆಳಗಿಟ್ಟು, ಫೋನಿನಲ್ಲಿ ಕ್ಯಾಲೆಂಡರ್ ತೆರೆದರು.